ಪೇಟೆಯಲ್ಲಿ ಸ್ತೋಯಿಕರು: ಗ್ರೀಕರ ಸುಜೀವನ ವಿಚಾರವೂ ಹಾವೇರಿ ಸೀಮೆಯ ಸಭಾಪಾಲನೆಯೂ

ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯವನ್ನು ಓದುವಾಗ ನಮ್ಮ ಗಮನವೆಲ್ಲ ಅರಿಯೊಪಾಗದ ಪ್ರಸಂಗದ ಕಡೆಗೆ ಹರಿಯುತ್ತದೆ. ತಿಳಿಯದ ದೇವರಿಗೆ ಮೀಸಲಾದ ಬಲಿಪೀಠ, ಅರಾತನೆಂಬ ಕವಿಯಿಂದ ಪೌಲನು ಎತ್ತಿಕೊಂಡ ಮಾತು, ಪುನರುತ್ಥಾನದ ಸುದ್ದಿಯನ್ನು ಕೇಳಿ ಕೆಲವರು ಮಾಡಿದ ಅಪಹಾಸ್ಯ, ಇವುಗಳನ್ನು ಕುರಿತು ಪ್ರತಿಯೊಂದು ಸೆಮಿನರಿಯಲ್ಲಿಯೂ ವ್ಯಾಖ್ಯಾನ ನಡೆಯುತ್ತದೆ. ಆದರೆ ಅದಕ್ಕೂ ಮೊದಲು ಲೂಕನು ಒಂದು ಸಂಗತಿಯನ್ನು ಹೇಳಿದ್ದಾನೆ. ಪೌಲನು ಪ್ರತಿದಿನವೂ ಪೇಟೆಯಲ್ಲಿ ನಿಂತು, ಎದುರಿಗೆ ಸಿಕ್ಕಿದವರೊಡನೆ ವಾದಿಸುತ್ತಿದ್ದನು. ಎಪಿಕೂರಿಯರೂ ಸ್ತೋಯಿಕರೂ ಅವನನ್ನು ಎದುರುಗೊಂಡದ್ದು ಅಲ್ಲಿಯೇ. ಅಥೇನೆಯ ಪೇಟೆಯೆಂದರೆ ಎಣ್ಣೆ, ಮೀನು, ಮಡಕೆಗಳು ಮಾರಾಟವಾಗುವ ಸ್ಥಳ. ಅದರ ಅಂಚಿನಲ್ಲಿದ್ದ ಚಿತ್ರಮಂಟಪದ ಕಂಬಸಾಲಿನಲ್ಲಿ ಕ್ರಿ.ಪೂ. 300ರ ಸುಮಾರಿಗೆ ಜೆನೋ ಎಂಬವನು ಬೋಧಿಸಲಾರಂಭಿಸಿದನು. ಆ ಮಂಟಪಕ್ಕೆ ಗ್ರೀಕಿನಲ್ಲಿದ್ದ ‘ಸ್ತೋವ’ ಎಂಬ ಹೆಸರಿನಿಂದಲೇ ಅವನ ಶಿಷ್ಯರಿಗೆ ಸ್ತೋಯಿಕರೆಂಬ ಹೆಸರು ಬಂದಿತು. ಅವನಿಗಿಂತ ಒಂದು ಶತಮಾನ ಹಿಂದೆ ಸಾಕ್ರತೀಸನು ಇದೇ ಪೇಟೆಯಲ್ಲಿ ಚಮ್ಮಾರರನ್ನೂ ಸೇನಾಪತಿಗಳನ್ನೂ ಹಿಡಿದು ನಿಲ್ಲಿಸಿ ಪ್ರಶ್ನಿಸುತ್ತಿದ್ದನು.

ಆದುದರಿಂದ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಂಥ ಪೇಟೆಯ ಊರುಗಳಲ್ಲಿ ಸಭಾಪಾಲನೆಗೆ ನೇಮಕವಾಗುವ ನಮ್ಮ ಕಿರಿಯರು, ಸೆಮಿನರಿಯಲ್ಲಿ ಕಲಿತ ಗ್ರೀಕ್ ತತ್ತ್ವವಿಚಾರವು ಅಲ್ಲಿ ಯಾವ ಪ್ರಯೋಜನಕ್ಕೆ ಬಂದೀತು ಎಂದು ಕೇಳಿದರೆ, ಆ ಪ್ರಶ್ನೆಯು ಪೇಟೆಯಲ್ಲಿಯೇ ಹುಟ್ಟಿದುದೆಂದು ಉತ್ತರಿಸಬೇಕಾಗುತ್ತದೆ. ಪ್ರಶ್ನೆಯು ಈಗ ಹೊಸದಾಗಿ ತಲೆದೋರಲು ಕಾರಣವೂ ಇದೆ. ಎಪಿಕ್ತೇತನ, ಮಾರ್ಕಸ್ ಔರೇಲಿಯನ ಮಾತುಗಳು ಸುಭಾಷಿತಗಳ ರೂಪದಲ್ಲಿ ನಮ್ಮ ಯುವಕರ ಮೊಬೈಲುಗಳಲ್ಲಿ ಹರಿದಾಡುತ್ತಿವೆ. ಭಾನುವಾರದ ಪ್ರಸಂಗವನ್ನು ಕೇಳುವವರೇ ಸೋಮವಾರ ಇವನ್ನು ಓದುತ್ತಾರೆ. ಇವೆರಡರ ಸಂಬಂಧವೇನೆಂಬುದನ್ನು ಅವರಿಗೆ ತಿಳಿಸಬೇಕಾದವರು ಸುಮ್ಮನಿದ್ದರೆ, ಸಂಬಂಧವನ್ನು ಅವರೇ ಕಲ್ಪಿಸಿಕೊಳ್ಳುತ್ತಾರೆ.

ಗ್ರೀಕರು ‘ಯೂದೈಮೊನಿಯ’ ಎಂದು ಕರೆದದ್ದನ್ನು ನಾವು ಸುಖವೆಂದು ಅನುವಾದಿಸುವುದು ಸರಿಯಲ್ಲ. ಅದು ಒಂದು ಹೊತ್ತಿನ ಮನಸ್ಥಿತಿಯಲ್ಲ. ಇಡೀ ಬಾಳು ಸಾರ್ಥಕವಾಗಿ ಸಾಗಿತೆಂಬುದರ ಹೆಸರು. ಅರಿಸ್ತಾತಲನು ಅದನ್ನು ಸದ್ಗುಣಕ್ಕೆ ಅನುಸಾರವಾದ ಚಟುವಟಿಕೆಯೆಂದು ವಿವರಿಸಿದನು. ಎಪಿಕೂರನು ಮನಸ್ಸಿನ ಕ್ಷೋಭೆಯಿಲ್ಲದಿರುವುದೇ ಅದೆಂದು ಹೇಳಿದನು. ಲೋಕವು ಇವನನ್ನು ಭೋಗಿಯೆಂದು ಬಯ್ದಿತಾದರೂ, ಇವನು ತನ್ನ ತೋಟದಲ್ಲಿ ರೊಟ್ಟಿ ನೀರುಗಳಿಂದ ತೃಪ್ತನಾಗಿದ್ದು, ಒಂದು ಚಿಕ್ಕ ಗಡಿಗೆಯಷ್ಟು ಗಿಣ್ಣು ಕಳುಹಿಸಿದರೆ ಅದೇ ತನಗೆ ಔತಣವಾದೀತೆಂದು ಗೆಳೆಯನಿಗೆ ಬರೆದವನು. ಸ್ತೋಯಿಕರಾದರೋ ಸದ್ಗುಣವೊಂದೇ ಸಾಕು, ಉಳಿದುದೆಲ್ಲ ಅದಕ್ಕೆ ಅಪ್ರಧಾನವೆಂದರು. ಇವರೆಲ್ಲರೂ ಒಂದು ವಿಷಯದಲ್ಲಿ ಒಮ್ಮತದವರಾಗಿದ್ದರು: ತತ್ತ್ವಜ್ಞಾನವು ಓದಿ ಮುಗಿಸುವ ವಿದ್ಯೆಯಲ್ಲ, ಅಭ್ಯಾಸ. ‘ಅಸ್ಕೆಸಿಸ್’ ಎಂಬ ಅವರ ಪದವು ಮಲ್ಲರ ವ್ಯಾಯಾಮಕ್ಕೆ ಸಲ್ಲುತ್ತಿದ್ದ ಪದ. ನಮ್ಮ ಹಾವೇರಿ ಸೀಮೆಯಲ್ಲಿ ಗರಡಿಮನೆಯ ಸಾಧನೆ ಎಂದರೆ ಏನೆಂದು ಯಾರಿಗೂ ವಿವರಿಸಬೇಕಾಗಿಲ್ಲ; ಆ ಮಾತಿನ ಅರ್ಥವೇ ಇದರ ಅರ್ಥ. ಫ್ರಾನ್ಸಿನ ವಿದ್ವಾಂಸ ಪಿಯರ್ ಆದೋ ಅವರು ಕಳೆದ ಶತಮಾನದಲ್ಲಿ ಈ ಅಂಶವನ್ನು ಮತ್ತೆ ಎತ್ತಿ ತೋರಿಸಿ, ಕ್ರೈಸ್ತ ಸನ್ಯಾಸಿಗಳ ಧ್ಯಾನಸಾಧನೆಗಳು ಎಷ್ಟರಮಟ್ಟಿಗೆ ಈ ಹಳೆಯ ಅಭ್ಯಾಸಗಳಿಂದ ಬೆಳೆದು ಬಂದವೆಂಬುದನ್ನು ವಿಶದಪಡಿಸಿದರು.

ಪ್ರಾಚೀನ ಸಭೆಯು ಈ ಪರಂಪರೆಯನ್ನು ಎದುರಿಸಿದ ಬಗೆಗಳು ಒಂದೇ ಆಗಿರಲಿಲ್ಲ. ತೆರ್ತುಲ್ಯನು ಅಥೇನೆಗೂ ಯೆರೂಸಲೇಮಿಗೂ ಸಂಬಂಧವೇನೆಂದು ಗರ್ಜಿಸಿದನು. ಆದರೂ ಆತ್ಮವನ್ನು ಕುರಿತು ಬರೆಯುವಾಗ ಸ್ತೋಯಿಕರಿಂದ ಬೇಕಾದುದನ್ನು ಕೈತುಂಬ ತೆಗೆದುಕೊಂಡನು. ಅಲೆಕ್ಸಾಂದ್ರಿಯದ ಕ್ಲೆಮೆಂತನು, ಧರ್ಮಶಾಸ್ತ್ರವು ಇಬ್ರಿಯರನ್ನು ಹೇಗೋ ಹಾಗೆ ತತ್ತ್ವಜ್ಞಾನವು ಗ್ರೀಕರನ್ನು ಕ್ರಿಸ್ತನ ಬಳಿಗೆ ಕರೆತಂದ ಉಪಾಧ್ಯಾಯನೆಂದನು. ಕೈಸರೈಯದ ಬಸೀಲನು ಯುವಕರಿಗೆ ಬರೆದ ಉಪದೇಶದಲ್ಲಿ ಜೇನುನೊಣದ ದೃಷ್ಟಾಂತವನ್ನು ಬಳಸಿ, ಎಲ್ಲ ಹೂಗಳ ಮೇಲೂ ಕೂಡದೆ, ಕೂತ ಹೂವಿನಿಂದಲೂ ಎಲ್ಲವನ್ನು ಹೀರದೆ, ಬೇಕಾದುದನ್ನಷ್ಟೇ ತರಬೇಕೆಂದನು. ಇವು ಪಠ್ಯಪುಸ್ತಕಗಳಲ್ಲಿರುವ ಸಂಗತಿಗಳಾದುದರಿಂದ ಇಲ್ಲಿ ಬೆಳೆಸುವುದಿಲ್ಲ.

ನಾವು ತಡೆದು ನಿಲ್ಲಬೇಕಾದುದು ಯುಸ್ತಿನನ ಬಳಿಯಲ್ಲಿ. ಸಮಾರ್ಯ ಸೀಮೆಯ ಫ್ಲಾವಿಯ ನೆಯಾಪೊಲಿಯಲ್ಲಿ ಹುಟ್ಟಿದ ಈತನು ಮೊದಲು ಒಬ್ಬ ಸ್ತೋಯಿಕನ ಬಳಿಗೆ ಹೋದನು. ಅವನಿಗೆ ದೇವರ ವಿಷಯದಲ್ಲಿ ಹೇಳುವುದಕ್ಕೇನೂ ಇರಲಿಲ್ಲ. ಅರಿಸ್ತಾತಲನ ಪಂಥದವನೊಬ್ಬನು ಕೆಲವೇ ದಿನಗಳಲ್ಲಿ ಶುಲ್ಕದ ಮಾತೆತ್ತಿದನು. ಪಿಥಾಗೊರನ ಅನುಯಾಯಿಯು ಮೊದಲು ಸಂಗೀತ, ಖಗೋಲ, ರೇಖಾಗಣಿತಗಳನ್ನು ಕಲಿತು ಬಾ ಎಂದು ಕಳುಹಿಸಿದನು. ಪ್ಲೇಟೋನ ಮಾರ್ಗದಲ್ಲಿ ಕೆಲಕಾಲ ನಡೆದ ಮೇಲೆ, ಕಡಲಿನ ಸಮೀಪದಲ್ಲಿ ಕಂಡ ವೃದ್ಧನೊಬ್ಬನು ಅವನನ್ನು ಪ್ರವಾದಿಗಳ ಕಡೆಗೆ ತಿರುಗಿಸಿದನು. ಕ್ರೈಸ್ತನಾದ ಮೇಲೂ ಯುಸ್ತಿನನು ತತ್ತ್ವಜ್ಞಾನಿಯ ಮೇಲಂಗಿಯನ್ನು ತೆಗೆದುಹಾಕಲಿಲ್ಲ. ರೋಮಿನಲ್ಲಿ ಸ್ನಾನಗೃಹವೊಂದರ ಮೇಲಿನ ಮನೆಯಲ್ಲಿ ಬೋಧಿಸುತ್ತಿದ್ದನು.

ಕ್ರಿ.ಶ. 165ರ ಸುಮಾರಿಗೆ ಅವನನ್ನು ಆರು ಮಂದಿ ಸಂಗಡಿಗರೊಂದಿಗೆ ನಗರಾಧಿಪತಿಯ ಮುಂದೆ ನಿಲ್ಲಿಸಿದರು. ಆ ನಗರಾಧಿಪತಿ ಯೂನಿಯಸ್ ರುಸ್ತಿಕ. ಚಕ್ರವರ್ತಿ ಮಾರ್ಕಸ್ ಔರೇಲಿಯನು ತನ್ನ ಆತ್ಮಚಿಂತನೆಯ ಮೊದಲ ಪುಸ್ತಕದಲ್ಲಿ ಕೃತಜ್ಞತೆಯಿಂದ ಸ್ಮರಿಸುವ ಗುರು ಇವನೇ. ಎಪಿಕ್ತೇತನ ಉಪದೇಶಗಳ ಪ್ರತಿಯನ್ನು ತನ್ನ ಮನೆಯಿಂದ ತಂದು ಅರಸನ ಕೈಯಲ್ಲಿಟ್ಟವನು ಇವನೇ. ಎಪಿಕ್ತೇತನೋ ಗುಲಾಮನಾಗಿ ಬಾಳಿದವನು. ಅಂದು ರುಸ್ತಿಕನ ಮುಂದೆ ನಿಂತಿದ್ದ ಏಳು ಮಂದಿಯಲ್ಲಿ ಯುಎಲ್ಪಿಸ್ತನೆಂಬ ಕಪ್ಪದೋಕ್ಯದ ಗುಲಾಮನೂ ಒಬ್ಬನಿದ್ದನು; ಅವನು ಅದೇ ಚಕ್ರವರ್ತಿಯ ಮನೆತನದ ಗುಲಾಮ. ಕ್ರಿಸ್ತನು ನನ್ನನ್ನು ಬಿಡುಗಡೆ ಮಾಡಿದ್ದಾನೆಂದು ಅವನು ಸಾಕ್ಷಿ ನುಡಿದನು. ಗುಲಾಮನೊಬ್ಬನ ಸ್ವಾತಂತ್ರ್ಯದ ಉಪದೇಶವನ್ನು ಪುಸ್ತಕದಲ್ಲಿ ಪೂಜಿಸುತ್ತಿದ್ದ ರುಸ್ತಿಕನು, ತನ್ನ ಮುಂದೆ ನಿಂತ ಗುಲಾಮನ ಸ್ವಾತಂತ್ರ್ಯವನ್ನು ಗುರುತಿಸಲಾರದೆ, ಎಲ್ಲರಿಗೂ ಕೊರಡೆಯೇಟು ಮತ್ತು ಶಿರಚ್ಛೇದನವನ್ನು ವಿಧಿಸಿದನು. ರುಸ್ತಿಕನು ಕ್ರೂರಿಯೆಂದು ನಾವು ಹೇಳುತ್ತಿಲ್ಲ. ಅವನು ಸುಶಿಕ್ಷಿತ, ಸಂಯಮಿ, ಕರ್ತವ್ಯನಿಷ್ಠ. ಸುಜೀವನದ ಪಾಠವು ಒಬ್ಬನ ಅಂತರಂಗವನ್ನು ಪ್ರಶಾಂತಗೊಳಿಸಿ, ಅವನ ಆಸನವನ್ನು ಮಾತ್ರ ಇದ್ದಂತೆಯೇ ಬಿಡಬಲ್ಲದು ಎಂಬುದಕ್ಕೆ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾವು ಕಂಡಿಲ್ಲ.

ಇಷ್ಟಾದರೂ ಸಭೆಯು ಎಪಿಕ್ತೇತನನ್ನು ಎಸೆಯಲಿಲ್ಲವೆಂಬುದು ವಿಚಿತ್ರವಾದರೂ ಸತ್ಯ. ಅವನ ಕೈಪಿಡಿಯನ್ನು ಪೂರ್ವದೇಶದ ಕ್ರೈಸ್ತ ಸನ್ಯಾಸಿಗಳು ತಮ್ಮ ಉಪಯೋಗಕ್ಕೆ ಒಂದಕ್ಕಿಂತ ಹೆಚ್ಚು ಸಲ ತಿದ್ದಿ ಬರೆದುಕೊಂಡರು. ದೇವರುಗಳೆಂದಿದ್ದಲ್ಲಿ ದೇವರೆಂದು ಮಾಡಿದರು. ನೀಲನ ಹೆಸರಿನಲ್ಲಿ ಬಂದಿರುವ ಒಂದು ಪಾಠದಲ್ಲಿ ಸಾಕ್ರತೀಸನ ಹೆಸರಿದ್ದೆಡೆ ಪೌಲನ ಹೆಸರನ್ನು ಬರೆದರು. ಇದನ್ನು ಓದಿ ಇಂದಿನ ವಿದ್ಯಾರ್ಥಿಗಳು ನಗುತ್ತಾರೆ. ಆದರೆ ನಾವು ನಮ್ಮ ಪ್ರಸಂಗಗಳಲ್ಲಿ ಇದನ್ನೇ ಮಾಡುತ್ತಿದ್ದೇವೆ, ಮತ್ತು ಹೆಸರು ಬದಲಿಸಿದ ಮಾತ್ರಕ್ಕೆ ಉಪದೇಶವು ಕ್ರೈಸ್ತವಾಗುತ್ತದೆಯೇ ಎಂಬ ಪ್ರಶ್ನೆಯು ಆ ಸನ್ಯಾಸಿಗಳಿಗೆ ಎಷ್ಟೋ ನಮಗೂ ಅಷ್ಟೇ ಅನ್ವಯಿಸುತ್ತದೆ.

ನಮ್ಮ ನೆಲದಲ್ಲಿ ಇದೇ ಕೆಲಸವನ್ನು ಹೆಚ್ಚು ಪ್ರಾಮಾಣಿಕವಾಗಿ ಮಾಡಿದ ಉದಾಹರಣೆಯಿದೆ. ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲನು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತನ್ನ ಕನ್ನಡ-ಇಂಗ್ಲಿಷ್ ನಿಘಂಟಿಗೆ ಸರ್ವಜ್ಞನ ಪದಗಳಿಂದಲೂ ಉದಾಹರಣೆಗಳನ್ನು ಆರಿಸಿಕೊಂಡನು. ಮುಂದಿನ ತಲೆಮಾರಿನಲ್ಲಿ, ಮಂಗಳೂರಿನ ಮಿಶನ್ ಸೆಮಿನರಿಯಲ್ಲಿ ಕಲಿತ ಸಭಾಪಾಲಕರಾದ ಉತ್ತಂಗಿ ಚನ್ನಪ್ಪನವರು ಆ ತ್ರಿಪದಿಗಳನ್ನು ಓಲೆಗರಿಗಳಿಂದಲೂ ಜನರ ಬಾಯಿಂದಲೂ ಕೂಡಿಸಿ, ಪಾಠಗಳನ್ನು ಹೋಲಿಸಿ, 1924ರಲ್ಲಿ ಪುಸ್ತಕವಾಗಿ ಹೊರತಂದರು. 1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠಕ್ಕೆ ಕನ್ನಡಿಗರು ಈ ಪಾದ್ರಿಯನ್ನು ಕರೆದದ್ದು ಆ ಶ್ರಮದ ಗೌರವಾರ್ಥವಾಗಿಯೂ ಹೌದು. ಅವರು ಸರ್ವಜ್ಞನ ಹೆಸರನ್ನು ಅಳಿಸಿ ಸೊಲೊಮೋನನ ಹೆಸರನ್ನು ಬರೆಯಲಿಲ್ಲ. ಅವನನ್ನು ಅವನ ಮಾತಿನಲ್ಲಿಯೇ ಕೇಳಿಸಿದರು. ಸರ್ವಜ್ಞನಾದರೋ ಪರಂಪರೆಯ ಪ್ರಕಾರ ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳಿಗೆ ಸೇರಿದವನು. ಎಂದರೆ ಇಂದಿನ ಹಾವೇರಿ ಜಿಲ್ಲೆಯವನು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದಕ್ಕೆ ಹೋಗಲಾಗದು. ಭಿಕ್ಷೆಯ ಕಪ್ಪರವನ್ನು ಹಿಡಿದು ಊರೂರು ತಿರುಗಿ, ಅರಸನನ್ನೂ ಪುರೋಹಿತನನ್ನೂ ಒಂದೇ ನಾಲಗೆಯಿಂದ ಚುಚ್ಚಿದ ಸರ್ವಜ್ಞನನ್ನು ಕಂಡಾಗ ಸಿನೋಪೆಯ ದಿಯೊಗೆನನು ನೆನಪಿಗೆ ಬರುತ್ತಾನೆ. ಹುಡುಗನೊಬ್ಬನು ಬೊಗಸೆಯಲ್ಲಿ ನೀರು ಕುಡಿಯುವುದನ್ನು ನೋಡಿ ತನ್ನ ಬಟ್ಟಲನ್ನೂ ಎಸೆದವನು ಅವನು. ಹೋಲಿಕೆಯು ಸೊಗಸಾಗಿದೆ. ಆದರೆ ಹೋಲಿಕೆಯನ್ನು ವಂಶಾವಳಿಯನ್ನಾಗಿ ಮಾಡುವ ಚಪಲವು ನಮ್ಮ ಪತ್ರಿಕೆಗಳಲ್ಲಿ ಆಗಾಗ ಕಾಣುತ್ತದೆ. ಈಜಿಪ್ತಿನ ಒಕ್ಸಿರಿಂಖದಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆಯೆಂದು ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ವಾದಿಸಿದರು. ಆ ಚರ್ಚೆಯು ತನ್ನ ಮಟ್ಟಿಗೆ ರಸವತ್ತಾದುದೇ. ಅದರ ಬಲದಿಂದ ಅಥೇನೆಯ ವಿಚಾರಗಳು ಅಬಲೂರಿಗೆ ಬಂದವೆಂದು ಹೇಳುವುದಕ್ಕೆ ಯಾವ ಆಧಾರವೂ ಇಲ್ಲ, ಹಾಗೆ ಹೇಳಬೇಕಾದ ಅವಶ್ಯಕತೆಯೂ ಇಲ್ಲ. ಬ್ಯಾಡಗಿ ತಾಲೂಕಿನ ಕಾಗಿನೆಲೆಯಲ್ಲಿ ನೆಲೆಸಿದ ಕನಕದಾಸರು ರಾಮಧಾನ್ಯಚರಿತೆಯಲ್ಲಿ ಅಕ್ಕಿಗೂ ರಾಗಿಗೂ ವಾದವನ್ನು ಹೂಡಿ, ಆರು ತಿಂಗಳು ಸೆರೆಯಲ್ಲಿಟ್ಟ ಮೇಲೂ ಕುಂದದೆ ಉಳಿದ ರಾಗಿಗೆ ಗೆಲುವನ್ನು ಕೊಡಿಸುವಾಗ, ಬಡವನ ಧಾನ್ಯದ ಪರವಾಗಿ ಮಾತಾಡಲು ಅವರಿಗೆ ಎಪಿಕೂರನ ಗಿಣ್ಣಿನ ಗಡಿಗೆ ಬೇಕಾಗಿರಲಿಲ್ಲ. ಸೀಮೆಯ ಜನರಲ್ಲಿ ಸುಜೀವನದ ವಿಚಾರವು ಮೊದಲೇ ಇತ್ತು. ಸಭಾಪಾಲಕನು ಅದನ್ನು ಹೊತ್ತುಕೊಂಡು ಬರುವ ವರ್ತಕನಲ್ಲ.

ಈಗ ಪೇಟೆಗೆ ಬರೋಣ. ಅರಿಸ್ತಾತಲನು ‘ರಾಜನೀತಿ’ಯಲ್ಲಿ ಹೇಳುವ ಒಂದು ಕಥೆಯನ್ನು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನು ನೋಡಿದವರು ಮರೆಯಲಾರರು. ಮಿಲೇತದ ಥಾಲೇಸನನ್ನು ಜನರು ಬಡವನೆಂದು ಹಂಗಿಸಿ, ನಿನ್ನ ತತ್ತ್ವಜ್ಞಾನದಿಂದ ಪ್ರಯೋಜನವೇನು ಎಂದರಂತೆ. ಅವನು ನಕ್ಷತ್ರಗಳನ್ನು ನೋಡಿ ಮುಂದಿನ ವರ್ಷ ಎಣ್ಣೆಮರದ ಫಸಲು ಸಮೃದ್ಧವಾದೀತೆಂದು ತಿಳಿದು, ಚಳಿಗಾಲದಲ್ಲಿಯೇ ಮಿಲೇತ, ಖೀಯೋಸ್‌ಗಳ ಗಾಣಗಳಿಗೆಲ್ಲ ಅಲ್ಪ ಮುಂಗಡವನ್ನು ಕೊಟ್ಟು ಹಿಡಿದಿಟ್ಟುಕೊಂಡನು. ಸುಗ್ಗಿಯಲ್ಲಿ ಗಾಣಕ್ಕಾಗಿ ಜನ ಮುಗಿಬಿದ್ದಾಗ ತಾನು ಹೇಳಿದ ಬಾಡಿಗೆಗೆ ಕೊಟ್ಟು ಹಣ ಗಳಿಸಿದನು. ತತ್ತ್ವಜ್ಞಾನಿಗಳಿಗೆ ಇಷ್ಟವಿದ್ದರೆ ಶ್ರೀಮಂತರಾಗುವುದು ಸುಲಭ, ಆದರೆ ಅವರ ಲಕ್ಷ್ಯ ಅದಲ್ಲ, ಎಂಬುದು ಅರಿಸ್ತಾತಲನು ಎತ್ತಿ ತೋರಿಸುವ ತಾತ್ಪರ್ಯ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಆ ವರ್ಷ ಎಣ್ಣೆಕಾಯಿಗಳನ್ನು ಹೊತ್ತುಕೊಂಡು ಗಾಣದ ಬಾಗಿಲಲ್ಲಿ ನಿಂತಿದ್ದ ರೈತನಿಗೆ ಏನಾಯಿತು? ಅರಿಸ್ತಾತಲನು ಅವನ ಮಾತನ್ನೇ ಎತ್ತುವುದಿಲ್ಲ.

ಕಡುಗೆಂಪು ಬಣ್ಣಕ್ಕೂ ಕಡಮೆ ಖಾರಕ್ಕೂ ಹೆಸರಾಗಿ, 2011ರಲ್ಲಿ ಭೌಗೋಳಿಕ ಸೂಚಿಕೆಯನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಪೇಟೆಯಲ್ಲಿ ಆ ರೈತನು ಇದ್ದಾನೆ. 2024ರ ಮಾರ್ಚ್ 11ರಂದು ಬೆಲೆ ಕುಸಿಯಿತೆಂಬ ಸಿಟ್ಟಿನಿಂದ ರೈತರು ಅಲ್ಲಿಯ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿಯಿಟ್ಟರು. ಹೊರ ಜಿಲ್ಲೆಗಳಿಂದ ಮಾಲು ತಂದವರೂ ಅವರಲ್ಲಿದ್ದರು. ಅದಕ್ಕೂ ಹದಿನಾರು ವರ್ಷಗಳ ಹಿಂದೆ, 2008ರ ಜೂನಿನಲ್ಲಿ, ಹಾವೇರಿಯಲ್ಲಿ ರಸಗೊಬ್ಬರಕ್ಕಾಗಿ ನೆರೆದ ರೈತರ ಮೇಲೆ ಗೋಲಿಬಾರ್ ನಡೆದು ಪ್ರಾಣಹಾನಿಯಾಯಿತು. ಈ ಎರಡು ದಿನಗಳ ನಡುವೆ ದೊಡ್ಡ ಸುದ್ದಿಯಾಗದೆ ಹೋದ ಮನೆಗಳು ಎಷ್ಟೋ ಇವೆ. ರೈತರ ಆತ್ಮಹತ್ಯೆಯ ಮಾತು ಬಂದಾಗಲೆಲ್ಲ ಹಾವೇರಿ ಜಿಲ್ಲೆಯ ಹೆಸರು ಬರುತ್ತದೆ.

ಇಂಥ ಊರಿನಲ್ಲಿ ಎಪಿಕ್ತೇತನ ಮೊದಲ ಪಾಠವನ್ನು ಬೋಧಿಸುವುದು ಎಂದರೇನು? ನಮ್ಮ ಅಧೀನದಲ್ಲಿರುವುದು ಯಾವುದು, ಇಲ್ಲದಿರುವುದು ಯಾವುದು ಎಂದು ಬೇರ್ಪಡಿಸುವುದೇ ಅವನ ಕೈಪಿಡಿಯ ಆರಂಭ. ನಮ್ಮ ಅಭಿಪ್ರಾಯ, ಇಚ್ಛೆ, ಯತ್ನಗಳು ನಮ್ಮವು. ದೇಹ, ಆಸ್ತಿ, ಕೀರ್ತಿ, ಪದವಿಗಳು ನಮ್ಮವಲ್ಲ. ಈ ವಿವೇಕದಲ್ಲಿ ಔಷಧದ ಗುಣವಿದೆ. ಕಳೆದ ಶತಮಾನದಲ್ಲಿ ಆಲ್ಬರ್ಟ್ ಎಲ್ಲಿಸರು ತಮ್ಮ ಮನಶ್ಚಿಕಿತ್ಸೆಯ ಪದ್ಧತಿಯನ್ನು ರೂಪಿಸುವಾಗ ಎಪಿಕ್ತೇತನ ಋಣವನ್ನು ಬಹಿರಂಗವಾಗಿ ಒಪ್ಪಿಕೊಂಡರು. ಮಳೆ ಬಾರದಿರುವುದು ತನ್ನ ಅಪರಾಧವಲ್ಲ, ದರ ಬೀಳುವುದು ತನ್ನ ಅಯೋಗ್ಯತೆಯ ಪುರಾವೆಯಲ್ಲ ಎಂದು ಸಾಲಗಾರನೊಬ್ಬನು ತಿಳಿಯುವುದು ಅವನ ಪ್ರಾಣವನ್ನು ಉಳಿಸಬಲ್ಲ ತಿಳುವಳಿಕೆ. ಮರ್ಯಾದೆ ಹೋಯಿತೆಂಬ ಭಾವನೆಯು ಸಾಲಕ್ಕಿಂತ ಭಾರವಾಗಿ ಕೂಡುವ ಸಮಾಜದಲ್ಲಿ, ಕೀರ್ತಿಯು ನಿನ್ನ ಅಧೀನದ ವಸ್ತುವಲ್ಲವೆಂಬ ಮಾತು ಸುಲಭದ ಮಾತಲ್ಲ, ಹಗುರವಾದ ಮಾತೂ ಅಲ್ಲ.

ಆದರೆ ಅದೇ ಮಾತನ್ನು ಯಾರು ಯಾರಿಗೆ ಹೇಳುತ್ತಾರೆಂಬುದರ ಮೇಲೆ ಅದರ ಅರ್ಥವು ತಿರುಗುತ್ತದೆ. ತನಗೆ ತಾನೇ ಹೇಳಿಕೊಂಡರೆ ಧೈರ್ಯ. ಶೀತಲಗೃಹದಲ್ಲಿ ಮಾಲನ್ನು ಹಿಡಿದಿಟ್ಟವನು ರೈತನಿಗೆ ಹೇಳಿದರೆ ಅನ್ಯಾಯ. ಸಭಾಪಾಲಕನು ಪ್ರಸಂಗಪೀಠದಿಂದ ಹೇಳಿದರೆ ಇವೆರಡರಲ್ಲಿ ಯಾವುದಾದೀತು ಎಂಬುದನ್ನು ಅವನ ಉಳಿದ ಆರು ದಿನಗಳ ನಡೆಯು ನಿರ್ಣಯಿಸುತ್ತದೆ. ದರವು ಒಬ್ಬ ರೈತನ ಅಧೀನದಲ್ಲಿಲ್ಲ, ನಿಜ. ಅದು ಆಕಾಶದಿಂದ ಇಳಿಯುವುದೂ ಇಲ್ಲ. ಟೆಂಡರು, ತೂಕ, ದಾಸ್ತಾನು, ಆಮದು, ಇವೆಲ್ಲ ಮನುಷ್ಯರ ಕೈಯಲ್ಲಿಯೇ ಇವೆ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಬ್ರಿಟಿಷ್ ಸಾಮ್ರಾಜ್ಯವು ನಮ್ಮ ಅಧೀನದಲ್ಲಿಲ್ಲವೆಂದು ಅವರು ತೃಪ್ತರಾಗಿದ್ದರೆ ಆ ನಡಿಗೆಗೆ ಹೋಗುತ್ತಿರಲಿಲ್ಲ. ಅವರ ಮಾರ್ಗದ ಕೊನೆಯ ಘಟ್ಟವನ್ನು ಕುರಿತು ನಮ್ಮಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಅಧೀನದ ಎಲ್ಲೆಯು ಸ್ತೋಯಿಕರು ಗೆರೆಯೆಳೆದಲ್ಲಿಯೇ ನಿಲ್ಲುವುದಿಲ್ಲವೆಂಬುದು ಮಾತ್ರ ಆ ಸೀಮೆಯ ಜನರಿಗೆ ಗೊತ್ತು.

ಅರಿಸ್ತಾತಲನ ವಿಷಯದಲ್ಲಿಯೂ ಹೀಗೆಯೇ. ಸ್ನೇಹವನ್ನು ಕುರಿತು ಅವನು ನೀತಿಶಾಸ್ತ್ರದಲ್ಲಿ ಎರಡು ಪೂರ್ಣ ಪುಸ್ತಕಗಳನ್ನು ಮೀಸಲಿಟ್ಟಿದ್ದಾನೆ. ಸಭೆಯೆಂದರೇನು ಎಂದು ಚಿಂತಿಸುವವರು ಅವನ್ನು ಓದಲೇಬೇಕು. ಆದರೆ ಅವನ ಸುಜೀವನಕ್ಕೆ ಬಿಡುವು ಬೇಕು. ಆ ಬಿಡುವನ್ನು ದುಡಿದು ಒದಗಿಸುವವರು ಗುಲಾಮರು. ಬ್ಯಾಡಗಿಯಲ್ಲಿ ರಾಶಿಯ ಮುಂದೆ ಕುಳಿತು ಘಾಟಿನಲ್ಲಿ ಕೆಮ್ಮುತ್ತ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಿಗೂ, ರಾಣೇಬೆನ್ನೂರಿನ ಬೀಜೋತ್ಪಾದನೆಯ ಹೊಲಗಳಲ್ಲಿ ಒಂದೊಂದು ಹೂವಿಗೂ ಕೈಯಿಂದ ಪರಾಗ ಮುಟ್ಟಿಸುವ ಕೂಲಿಯವರಿಗೂ ಅವನ ಪುಸ್ತಕದಲ್ಲಿ ಸ್ಥಳವಿರುವುದು ಸಾಧನಗಳ ಸಾಲಿನಲ್ಲಿ. ಇದನ್ನು ಮರೆಮಾಚಿ ಅರಿಸ್ತಾತಲನನ್ನು ಬೋಧಿಸುವುದು ಅವನಿಗೂ ನ್ಯಾಯವಲ್ಲ.

ಎಲ್ಲಕ್ಕಿಂತ ಗಂಭೀರವಾದ ಅಂಶವನ್ನು ಈಗ ಹೇಳಬೇಕು, ಏಕೆಂದರೆ ಮೊಬೈಲಿನ ಸುಭಾಷಿತಗಳು ಇದನ್ನು ಹೇಳುವುದಿಲ್ಲ. ಬಾಳು ದುರ್ಭರವಾದಾಗ ಅದನ್ನು ತಾನಾಗಿ ತೊರೆಯುವುದು ವಿವೇಕಿಗೆ ಅನುಮತವೆಂದು ಸ್ತೋಯಿಕರು ಬೋಧಿಸಿದರು. ಮನೆಯಲ್ಲಿ ಹೊಗೆ ಹೆಚ್ಚಾದರೆ ಹೊರಗೆ ನಡೆ ಎಂಬರ್ಥದ ದೃಷ್ಟಾಂತವು ಎಪಿಕ್ತೇತನಲ್ಲಿದೆ. ಕ್ರಿ.ಪೂ. 46ರಲ್ಲಿ ಊತಿಕದಲ್ಲಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ ಕಾತೋವನ್ನು ಅವರು ಆದರ್ಶಪುರುಷನೆಂದು ಕೊಂಡಾಡಿದರು. ಆಗಸ್ತೀನನು ‘ದೇವನಗರ’ದ 19ನೆಯ ಪುಸ್ತಕದಲ್ಲಿ ಇದನ್ನೇ ಹಿಡಿದು ಪ್ರಶ್ನಿಸುತ್ತಾನೆ: ಯಾವ ಬಾಳನ್ನು ಕೊನೆಗಾಣಿಸಲು ಮರಣದ ಸಹಾಯವನ್ನು ಬೇಡಬೇಕಾಗುವುದೋ ಅದನ್ನು ಸುಜೀವನವೆಂದು ಕರೆಯುವುದು ಹೇಗೆ? ಕೇಡುಗಳು ಕೇಡುಗಳೇ ಅಲ್ಲವೆಂದು ಹೇಳುವವರು, ಅವುಗಳನ್ನು ತಾಳಲಾರದೆ ಲೋಕವನ್ನು ಬಿಡಬಹುದೆಂದೂ ಹೇಳುತ್ತಾರಲ್ಲ! ಕೇಡು ಕೇಡೇ, ನೋವು ನೋವೇ ಎಂದು ಒಪ್ಪಿಕೊಳ್ಳುವುದರಿಂದಲೇ ಕ್ರೈಸ್ತ ನಿರೀಕ್ಷೆಯು ಆರಂಭವಾಗುತ್ತದೆಂಬುದು ಅವನ ವಾದದ ತಿರುಳು. ಹಾವೇರಿ ಜಿಲ್ಲೆಯಲ್ಲಿ ಸ್ತೋಯಿಕರನ್ನು ಬೋಧಿಸುವ ಸಭಾಪಾಲಕನು ಈ ಹಂತದಲ್ಲಿ ಅವರಿಂದ ಬೇರ್ಪಡಲೇಬೇಕು, ಮತ್ತು ತಾನು ಬೇರ್ಪಡುತ್ತಿರುವುದನ್ನು ಬಾಯಿಬಿಟ್ಟು ಹೇಳಬೇಕು.

ಹಾಗೆ ಬೇರ್ಪಟ್ಟ ಸಭೆಯು ಮುಂದೆ ಮಾಡಿದ ತಪ್ಪನ್ನೂ ಮುಚ್ಚಿಡಬಾರದು. 561ರ ಬ್ರಾಗಾ ಸಭಾಸಂಘವು ಆತ್ಮಹತ್ಯೆ ಮಾಡಿಕೊಂಡವರಿಗೆ ಸಂಸ್ಕಾರದ ಗೌರವವನ್ನು ನಿರಾಕರಿಸಿತು. ಆಗಸ್ತೀನನು ತತ್ತ್ವಜ್ಞಾನಿಗಳ ಗರ್ವಕ್ಕೆ ಕೊಟ್ಟ ಉತ್ತರವು ಈ ರೀತಿಯಾಗಿ ದುಃಖಿತರ ಮನೆಯ ಬಾಗಿಲಿಗೆ ಶಿಕ್ಷೆಯಾಗಿ ಬಂದಿತು. ಸತ್ತವನ ಹೆಂಡತಿಯೂ ಮಕ್ಕಳೂ ಸಾಲವನ್ನು ಮಾತ್ರವಲ್ಲದೆ ಸಭೆಯ ಮೌನವನ್ನೂ ಹೊರಬೇಕಾಗುವ ಸ್ಥಿತಿಯು ಇಂದಿಗೂ ಎಲ್ಲೆಡೆ ಹೋಗಿಲ್ಲವೆಂಬುದು ನಮ್ಮ ಅನುಭವ. ಎಪಿಕ್ತೇತನು ಅಳುತ್ತಿರುವವನ ಸಂಗಡ ಹೊರಗೆ ಮರುಗು, ಒಳಗೆ ಮರುಗಬೇಡ ಎಂಬ ಸಲಹೆಯನ್ನು ಕೊಡುತ್ತಾನೆ. ಪೌಲನು ರೋಮಾಪುರದವರಿಗೆ ಅಳುವವರ ಸಂಗಡ ಅಳಬೇಕೆಂದು ಬರೆದನು. ಒಳಗು ಹೊರಗೆಂಬ ಭೇದವನ್ನು ಅವನು ಮಾಡಲಿಲ್ಲ. ಲಾಜರನ ಸಮಾಧಿಯ ಬಳಿಯಲ್ಲಿ ಕರ್ತನು ಕಣ್ಣೀರು ಬಿಟ್ಟುದನ್ನು ‘ಅಪಾಥೆಯ’ದ ಆದರ್ಶದೊಳಗೆ ಸೇರಿಸುವುದಕ್ಕೆ ಯಾವ ವ್ಯಾಖ್ಯಾನಕಾರನಿಂದಲೂ ಆಗಿಲ್ಲ.

ಹಾಗಾದರೆ ಉಳಿಯುವುದೇನು? ಕೆಲವು ಅಭ್ಯಾಸಗಳು ಖಂಡಿತವಾಗಿಯೂ ಉಳಿಯುತ್ತವೆ. ಸೆನೆಕನು ಕೋಪವನ್ನು ಕುರಿತು ಬರೆದ ಗ್ರಂಥದಲ್ಲಿ, ರಾತ್ರಿ ದೀಪವನ್ನು ತೆಗೆದ ಮೇಲೆ, ತನ್ನ ರೂಢಿಯನ್ನು ಬಲ್ಲ ಹೆಂಡತಿಯು ಮೌನವಾದಾಗ, ಆ ದಿನದ ಮಾತು ಕೃತಿಗಳನ್ನೆಲ್ಲ ತನ್ನ ಮುಂದೆ ಇಟ್ಟುಕೊಂಡು ಪರೀಕ್ಷಿಸುತ್ತಿದ್ದುದನ್ನು ಹೇಳಿಕೊಂಡಿದ್ದಾನೆ. ಸಂಜೆಯ ಪ್ರಾರ್ಥನೆಗೆ ಇದನ್ನು ಸೇರಿಸಿಕೊಳ್ಳಲು ಅಡ್ಡಿಯೇನೂ ಇಲ್ಲ. ನಮ್ಮ ಪಾದ್ರಿಗಳಿಗಂತೂ ಸಭಾ ಸಮಿತಿಯ ಕೂಟ ನಡೆದ ರಾತ್ರಿಗಳಲ್ಲಿ ಇದು ವಿಶೇಷವಾಗಿ ಉಪಯುಕ್ತ. ಎಪಿಕೂರನ ತೋಟದಲ್ಲಿ ಹೆಂಗಸರೂ ಗುಲಾಮರೂ ಒಟ್ಟಿಗೆ ಕಲಿಯುತ್ತಿದ್ದರು. ಅವನ ದೇವತಾವಿಚಾರವನ್ನು ಒಪ್ಪದೆಯೇ ಆ ಪಂಕ್ತಿಯನ್ನು ಮೆಚ್ಚಬಹುದು.

ಆದರೆ ಅಭ್ಯಾಸಗಳಿಗಿಂತ ಹೆಚ್ಚಿನದು ಒಂದಿದೆ. ಅದನ್ನು ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೆಯ ಅಧ್ಯಾಯದಲ್ಲಿ ನೋಡಬೇಕು. ತಾನು ಯಾವ ಸ್ಥಿತಿಯಲ್ಲಿದ್ದರೂ ಸಂತುಷ್ಟನಾಗಿರಲು ಕಲಿತಿದ್ದೇನೆಂದು ಹೇಳುವಾಗ ಅವನು ಬಳಸುವ ಪದ ‘ಔತಾರ್ಕೇಸ್’. ತನಗೆ ತಾನೇ ಸಾಕಾದವನು ಎಂದರ್ಥ. ಸ್ತೋಯಿಕರ ಪೇಟೆಯಿಂದ ನೇರವಾಗಿ ಬಂದ ಪದವಿದು. ಕನ್ನಡದಲ್ಲಿ ಸಂತುಷ್ಟನೆಂದು ಓದುವಾಗ ಅದರ ಬಿರುಸು ನಮಗೆ ತಿಳಿಯುವುದಿಲ್ಲ. ಮುಂದಿನ ವಾಕ್ಯಗಳಲ್ಲಿ ಪೌಲನು ಆ ಪದವನ್ನು ಬಿಚ್ಚುತ್ತಾನೆ. ತನ್ನ ಶಕ್ತಿ ತನ್ನದಲ್ಲ, ಬಲಪಡಿಸುವಾತನದು ಎನ್ನುತ್ತಾನೆ. ಒಬ್ಬ ಸ್ತೋಯಿಕನು ಎಂದಿಗೂ ಹೇಳದ ಮಾತು ಅದರ ಬೆನ್ನಿಗೇ ಬರುತ್ತದೆ: ಆದರೂ ನೀವು ನನ್ನ ಸಂಕಟದಲ್ಲಿ ಪಾಲುಗಾರರಾದದ್ದು ಒಳ್ಳೆಯದಾಯಿತೆಂದು ಬರೆಯುತ್ತಾನೆ. ಎಪಫ್ರೊದೀತನ ಕೈಯಲ್ಲಿ ಅವರು ಕಳುಹಿಸಿದ್ದು ತಲುಪಿತೆಂದು ರಶೀತಿ ಬರೆದಂತೆ ಲೆಕ್ಕ ಕೊಡುತ್ತಾನೆ. ಥೆಸಲೋನಿಕದಲ್ಲಿದ್ದಾಗ ಒಂದೆರಡು ಸಲ ಅವರು ಕೊಟ್ಟುದನ್ನೂ ನೆನೆಯುತ್ತಾನೆ. ಕೊಡುವುದು, ತೆಗೆದುಕೊಳ್ಳುವುದು, ಲೆಕ್ಕ, ಎಂಬ ಅವನ ಪದಗಳು ಆ ಕಾಲದ ವ್ಯಾಪಾರಿಗಳ ಪದಗಳು. ಬ್ಯಾಡಗಿಯ ಯಾವ ಅಡತಿ ಅಂಗಡಿಯಲ್ಲಿಯೂ ಇವು ತಿಳಿಯುತ್ತವೆ. ಸಾಕೆಂಬ ಮನಸ್ಸು ಮತ್ತು ಸಭೆಯಿಂದ ಬಂದ ಹಣ, ಇವೆರಡನ್ನೂ ಅವನು ಒಂದೇ ಉಸಿರಿನಲ್ಲಿ ಹೇಳುತ್ತಾನೆ, ಸಂಕೋಚಪಡದೆ.

ನಮ್ಮ ಸಭೆಗಳು ಹಾವೇರಿ ಸೀಮೆಯಲ್ಲಿ ಚಿಕ್ಕವು, ಶ್ರೀಮಂತವಾದವುಗಳೂ ಅಲ್ಲ. ಮೆಣಸಿನಕಾಯಿಯ ದರವನ್ನು ಅವು ಎತ್ತಲಾರವು. ಸಾಲದ ವಿಷಯವನ್ನು ನಾಚಿಕೆಯಿಲ್ಲದೆ ಬಾಯಿಬಿಟ್ಟು ಹೇಳಬಹುದಾದ ಒಂದು ಕೂಟವನ್ನು, ಬಿತ್ತನೆಗೂ ಸುಗ್ಗಿಗೂ ನಡುವಿನ ತಿಂಗಳುಗಳಲ್ಲಿ ಒಂದು ಮನೆಯ ಖರ್ಚನ್ನು ಹಂಚಿಕೊಳ್ಳುವ ಒಂದು ಪೆಟ್ಟಿಗೆಯನ್ನು ಅವು ಇಟ್ಟುಕೊಳ್ಳಬಲ್ಲವು. ಎಪಿಕ್ತೇತನ ಕೈಪಿಡಿಯನ್ನು ಓದುವ ಗುಂಪೊಂದು ರಾಣೇಬೆನ್ನೂರಿನಲ್ಲಿಯೋ ಬ್ಯಾಡಗಿಯಲ್ಲಿಯೋ ಆರಂಭವಾಗುವುದಾದರೆ, ಅದರ ಮೊದಲ ಅಧ್ಯಾಯದ ಎದುರಿಗೆ ಫಿಲಿಪ್ಪಿಯವರ 4ನೆಯ ಅಧ್ಯಾಯವನ್ನು ಇಟ್ಟು ಓದಬೇಕೆಂದೂ, ಓದಿದ ಸಂಜೆ ಆ ಪೆಟ್ಟಿಗೆಯನ್ನೂ ತೆರೆಯಬೇಕೆಂದೂ ನಾವು ಸೂಚಿಸುತ್ತೇವೆ.